ಭಂಡಾರ ಎತ್ತಿದ ಮಾತು

ಕೊಲ್ಲಾಪುರದ ಮಧ್ಯಸ್ಥಿಕೆ ಕೋಣೆಯಲ್ಲಿ ಟೇಬಲ್ಲಿನ ಮೇಲೆ ಕಾಗದ ತಯಾರಾಗಿ ಬಿದ್ದಿತ್ತು. ಇಚಲಕರಂಜಿಯ ಶೆಡ್ಡು ಇನ್ನೂ ಹತ್ತು ವರ್ಷ ಮಲ್ಲಾರಿಯ ಕೈಯಲ್ಲೇ ಇರಬೇಕು, ಅವನ ಹನ್ನೆರಡು ಮಗ್ಗ ಅಲ್ಲೇ ಓಡಬೇಕು, ಮಾಲಕ ಬಾಬಾಸಾಹೇಬ ನಡುವೆ ಬಿಡಿಸಬಾರದು ಅಂತ ಅದರಲ್ಲಿ ಬರೆದಿತ್ತು. ವ್ಯಾಪಾರದ ತಂಟೆಯಲ್ಲಿ ದಾವೆ ಹೂಡುವ ಮೊದಲು ಒಮ್ಮೆ ಹೀಗೆ ಕೂತು ಮಾತಾಡಲೇಬೇಕಂತ ಕಾನೂನು. ಇಲ್ಲದಿದ್ದರೆ ಬಾಬಾಸಾಹೇಬ ಆ ಮೆಟ್ಟಿಲು ಯಾಕೆ ಹತ್ತುತ್ತಿದ್ದ?

ಮಧ್ಯಸ್ಥರು ಇಂಕಿನ ಪ್ಯಾಡು ಮುಂದೆ ಸರಿಸಿ, ಇಬ್ಬರೂ ಒಪ್ಪಿ ಗುರುತು ಹಾಕಿದರೆ ಇದು ಕೋರ್ಟಿನ ಹುಕುಮಿನಷ್ಟೇ ಗಟ್ಟಿ ಅಂದರು. ಮಲ್ಲಾರಿಯ ಹೆಂಡತಿ ನಾಗೂಬಾಯಿಗೆ ಶೆಡ್ಡು ಬಿಡಿ ಅಂತ ನೋಟೀಸು ಬಂದ ಮೂರು ತಿಂಗಳ ಮೇಲೆ ಅವತ್ತೇ ಉಸಿರು ಸರಾಗವಾಗಿ ಬಂತು. ಇಪ್ಪತ್ತು ವರ್ಷ ಆ ಶೆಡ್ಡಿನಲ್ಲಿ ಕೂತು ಕಾಂಡಿಗೆ ನೂಲು ಸುತ್ತಿದವಳು ಅವಳು. ಹಿಂದಿನ ಖೋಲಿಯಲ್ಲೇ ಅವರ ಸಂಸಾರ. ಆ ಊರಲ್ಲಿ ಬೇರೆ ಮನೆ ಇರಲಿಲ್ಲ.

ಆಗ ಬಾಬಾಸಾಹೇಬ ಮಲ್ಲಾರಿಯ ಹೆಗಲ ಮೇಲೆ ಕೈ ಇಟ್ಟ.

"ಕಾಕಾ, ನಮ್ಮ ನಿಮ್ಮ ನಡುವ ಅಂಗಠಾ-ಹೆಬ್ಬಟ್ಟು ಯಾಕ್ರಿ? ನಡೀರಿ, ನಿಮ್ಮ ಬೀರಪ್ಪನ ಗುಡಿಗೆ ಹೋಗೂಣು. ಭಂಡಾರ ಎತ್ತತೇನಿ."

ಮಲ್ಲಾರಿ ಎದೆ ಉಬ್ಬಿಸಿದ. ಕುರಿ ಕಾಯುವ ಅವನ ಮಂದಿಯಲ್ಲಿ ಭಂಡಾರ, ಅಂದರೆ ದೇವರ ಮುಂದಿನ ಅರಿಷಿಣ ಪುಡಿ, ಮುಷ್ಟಿಯಲ್ಲಿ ಹಿಡಿದು ಆಡಿದ ಮಾತನ್ನು ಕಾಗದಕ್ಕೆ ಹಾಕುವುದಿಲ್ಲ. ಹಾಕಿದರೆ ದೇವರ ಮೇಲೇ ಸಂಶಯ ಪಟ್ಟಂತೆ.

"ಭಂಡಾರಾನೂ ಎತ್ತರಿ, ಹೆಬ್ಬಟ್ಟೂ ಒತ್ತರಿ," ಅಂದಳು ನಾಗೂಬಾಯಿ. "ದೇವರು ಎರಡು ಕೈ ಕೊಟ್ಟಾನಲ್ಲ?"

"ಬಾಯಿ ಮುಚ್ಚ," ಅಂದ ಮಲ್ಲಾರಿ. "ಗಂಡಸರು ಮಾತಾಡಾಕತ್ತಾರ."

ಗುರುತು ಹಾಕುತ್ತೀರಾ ಅಂತ ಮಧ್ಯಸ್ಥರು ಎರಡು ಸಲ ಕೇಳಿದರು. ಆಮೇಲೆ 'ರಾಜಿ ಆಗಲಿಲ್ಲ' ಅಂತ ಬರೆದು ಫೈಲು ಮುಚ್ಚಿದರು.

ಗಡಹಿಂಗ್ಲಜದ ಹತ್ತಿರ ಮಲ್ಲಾರಿಯ ಹುಟ್ಟೂರು. ರವಿವಾರ ಅಲ್ಲಿಯ ಗುಡಿಯಲ್ಲಿ, ಕುಲದ ಹಿರಿಯ ಬಸವಣ್ಣೆಪ್ಪನ ಮುಂದೆ, ಬಾಬಾಸಾಹೇಬ ಮುಷ್ಟಿ ತುಂಬ ಭಂಡಾರ ಎತ್ತಿ, ಶೆಡ್ಡು ಹತ್ತು ವರ್ಷ ಕಾಕಾನದೇ ಅಂದ. ಊರೆಲ್ಲ ತಲೆದೂಗಿತು.

ಹದಿನೈದು ದಿನಕ್ಕೆ ಕಮರ್ಶಿಯಲ್ ಕೋರ್ಟಿನ ಸಮನ್ಸು ಬಂತು. ಶೆಡ್ಡು ಖಾಲಿ ಮಾಡಿಸಿ ಕೊಡಿ ಅಂತ ದಾವೆ. ಮಲ್ಲಾರಿ ಫೋನು ಹಚ್ಚಿದರೆ ಬಾಬಾಸಾಹೇಬ ತಾನೇ ಓಡಿ ಬಂದ.

"ನಮ್ಮ ವಕೀಲ ಹುಚ್ಚ ಅದಾನ್ರಿ ಕಾಕಾ. ಮೊದಲ ತಯಾರ ಇಟ್ಟಿದ್ದು ಹಾಕಿಬಿಟ್ಟಾನ. ನಾ ವಾಪಸ್ ತಗೋತೇನಿ. ಆದರ ಒಂದು, ನೀವು ಕೋರ್ಟಿಗೆ ಉಲ್ಟಾ ಕೈಫಿಯತ್ ಬರಸಿದ್ರಿ ಅಂದ್ರ ಭಂಡಾರ ನೀವ ಮುರದಂಗ ಆಕ್ಕೈತಿ. ಅದನ್ನ ನಾ ಹೇಳಬೇಕಾ ನಿಮಗ?"

ಹೇಳಬೇಕಾಗಿರಲಿಲ್ಲ. ಅವನು ತಿಂಗಳಿಗೊಮ್ಮೆ ಬಂದು ಚಹಾ ಕುಡಿದು, "ಕಾಕೂ, ಸಕ್ಕರಿ ಕಮ್ಮಿ ಆತು," ಅಂತ ನಾಗೂಬಾಯಿಗೆ ಹೇಳಿ ನಕ್ಕು ಹೋಗುತ್ತಿದ್ದ. ವಾಪಸ್ಸಿನ ಕಾಗದ ಮಾತ್ರ ಬರಲಿಲ್ಲ.

ನಾಗೂಬಾಯಿ ಒಂದು ದಿನ ಕಾಂಡಿ ಬಿಟ್ಟು ಒಬ್ಬಳೇ ಬಸ್ಸು ಹತ್ತಿ, ಕೊಲ್ಲಾಪುರದಲ್ಲಿ ವಂದನಾ ಎಂಬ ವಕೀಲರನ್ನು ಹುಡುಕಿದಳು. ಗಡಹಿಂಗ್ಲಜದ ಕಡೆಯವರೇ, ಕನ್ನಡ ಬರುತ್ತಿತ್ತು.

"ಸಮನ್ಸ್ ಮುಟ್ಟಿ ಎಷ್ಟ ದಿನ ಆತ್ರಿ ಅವ್ವಾರ?"

"ನೂರಾ ಹದಿನಾರು."

ವಂದನಾ ಪೆನ್ನು ಕೆಳಗಿಟ್ಟರು. "ಕೈಫಿಯತ್ ಅಂದ್ರ ನಿಮ್ಮ ಉತ್ತರ. ಮೂವತ್ತು ದಿನದಾಗ ಕೊಡಬೇಕು. ತಡ ಆದ್ರ ಕಾರಣ ಹೇಳಿ, ದಂಡ ಕಟ್ಟಿ, ನೂರಾ ಇಪ್ಪತ್ತರ ತನಕ. ಅದು ದಾಟಿದ ಮ್ಯಾಲ ನ್ಯಾಯಾಧೀಶರಿಗೆ ಮನಸ್ಸಿದ್ರೂ ತಗೊಳ್ಳಾಕ ಬರೂದಿಲ್ಲ."

"ಆ ಮಧ್ಯಸ್ಥರನ್ನ ಕರಿಸಿದ್ರ? ಅವರ ಮುಂದ ಹತ್ತು ವರ್ಷಕ್ಕ ಹೂಂ ಅಂದಾನ್ರಿ."

"ಆ ಕೋಣ್ಯಾಗ ಆಡಿದ ಮಾತು ಕೋಣಿ ದಾಟಿ ಹೊರಗ ಬರಂಗಿಲ್ಲ. ಅದೂ ಕಾನೂನ. ಯಜಮಾನರ ಹೆಬ್ಬಟ್ಟು ತಗೊಂಡು ಬರ್ರಿ."

ಉತ್ತರ ಬರೆಸಿಕೊಂಡು ಬಂದಳು. ನೂರಾ ಹದಿನೆಂಟನೆಯ ದಿನ ಮಧ್ಯಾಹ್ನ ಮಲ್ಲಾರಿ ನೂಲು ಸುತ್ತಿದ ಮಗ್ಗದ ಬೀಮಿನ ಮಗ್ಗುಲಲ್ಲಿ ಅಡ್ಡಾಗಿದ್ದ. ಬೆಳಗಿನಿಂದ ಬೇಡಿಕೊಂಡು ಸಾಕಾಗಿದ್ದ ನಾಗೂಬಾಯಿ ಮೆಲ್ಲಗೆ ಕೂತು ಅವನ ಹೆಬ್ಬೆರಳಿಗೆ ಇಂಕು ಹಚ್ಚಿದಳು. ಕಾಗದದ ಹತ್ತಿರ ತಂದಳು. ಒಂದು ಬೆರಳಿನಷ್ಟು ದೂರ ಉಳಿದಿತ್ತು.

"ಒತ್ತು," ಅಂದ ಅವನು ಕಣ್ಣು ತೆರೆಯದೆ. "ಸತ್ತವನ ಕೈ ಹಿಡಿದು ಒತ್ತತಾರಲ್ಲ, ಹಂಗ ಒತ್ತು. ಒತ್ತಿ ಕುಂಕುಮ ಅಳಿಸ್ಕೊ."

ಅವಳು ಕೈ ಬಿಟ್ಟಳು.

ಅವನು ಎದ್ದು, ಅದೇ ಇಂಕಿನ ಬೆರಳಿನಿಂದ ಫೋನು ಒತ್ತಿ ಬಾಬಾಸಾಹೇಬನಿಗೆ ಎಲ್ಲ ಹೇಳಿದ. "ನಾ ಒತ್ತಿಲ್ಲ ನೋಡ್ರಿ. ನನ್ನ ಮಾತು ಮಾತ."

"ದೇವರಂಥಾವರು ನೀವು ಕಾಕಾ. ಎರಡು ದಿನ ತಡೀರಿ, ವಾಪಸ್ಸಿನ ಕಾಗದ ನಾನ ತರತೇನಿ."

ಎರಡು ದಿನ ನಾಗೂಬಾಯಿ ಬಾಗಿಲಲ್ಲೇ ಕೂತಳು. ಮೂರನೆಯ ದಿನ ಬಾಬಾಸಾಹೇಬ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ಮಲ್ಲಾರಿ ತಾನಾಗಿಯೇ ಬೆರಳು ಒತ್ತಿದ. ಇಬ್ಬರೂ ಕೊಲ್ಲಾಪುರಕ್ಕೆ ಓಡಿದರು.

ನ್ಯಾಯಾಧೀಶರು ಸಿಟ್ಟಾಗಲಿಲ್ಲ. ದಿನ ಎಣಿಸಿದರು: ನೂರಾ ಇಪ್ಪತ್ತೆರಡು. ಒಂದು ದಿನ ತಡವಾದರೂ ಅಷ್ಟೇ, ನೂರು ದಿನ ತಡವಾದರೂ ಅಷ್ಟೇ, ತಮ್ಮ ಕೈಯಲ್ಲಿಲ್ಲ ಅಂತ ಮರಾಠಿಯಲ್ಲಿ ಹೇಳಿ ಕಾಗದವನ್ನು ಬಿಚ್ಚದೆ ವಾಪಸ್ಸು ಕೊಟ್ಟರು.

ಹೊರಗೆ ಪಡಸಾಲೆಯಲ್ಲಿ ಬಾಬಾಸಾಹೇಬ ನಿಂತಿದ್ದ. ನಾಗೂಬಾಯಿ ಅವನ ಅಂಗಿ ಹಿಡಿದಳು. "ಭಂಡಾರ ಎತ್ತಿದ್ದಿಯಲ್ಲೋ!"

ಅವನು ಅವಳ ಬೆರಳನ್ನು ಒಂದೊಂದೇ ಬಿಡಿಸಿದ. "ದೇವರು ನಿಮ್ಮಾಂವ ಕಾಕೂ. ನನ್ನ ಕೈಗೆ ಹತ್ತಿದ್ದ ಅರಿಷಿಣ ಸಾಬೂನಿಗೆ ಹೋತು."

ಎಂಟು ತಿಂಗಳಿಗೆ ಶೆಡ್ಡು ಖಾಲಿ ಮಾಡಬೇಕಂತ ಹುಕುಮು ಬಂತು. ಹಳೆಯ ಮಗ್ಗ ಒಮ್ಮೆ ಕಿತ್ತರೆ ಮತ್ತೆ ಕೂಡುವುದಿಲ್ಲ. ಹನ್ನೆರಡೂ ಹಳೇ ಕಬ್ಬಿಣ ಕೊಳ್ಳುವ ಭಂಗಾರದವನ ಟೆಂಪೋ ಹತ್ತಿದವು.

ಹುಟ್ಟೂರಿನಲ್ಲಿ ಮಲ್ಲಾರಿಯ ಪಾಲಿನ ಒಂದು ಖೋಲಿ ಇತ್ತು. ಆದರೆ ಬಸವಣ್ಣೆಪ್ಪ ಗಂಟು ಇಳಿಸುವ ಮೊದಲೇ ಇಬ್ಬರನ್ನೂ ಗುಡಿಗೆ ಕರೆಸಿದ. ಭಂಡಾರ ಮುರಿದ ಮನೆಯವರನ್ನು ಶುದ್ಧ ಮಾಡದೆ ಒಳಗೆ ಬಿಡುವ ಹಾಗಿರಲಿಲ್ಲ.

"ಮುರದಾಂವ ಬಾಬಾಸಾಹೇಬ ಅಲ್ಲರೀ?" ಅಂದಳು ನಾಗೂಬಾಯಿ.

"ಅಂವ ನಮ್ಮಾಂವ ಅಲ್ಲ. ಅವನಿಗೆ ಭಂಡಾರ ಕಟ್ಟಂಗಿಲ್ಲ."

"ಕಟ್ಟಂಗಿಲ್ಲಂದ್ರ ಅವತ್ತ ಯಾಕ್ ಎತ್ತಿಸಿದ್ರಿ?"

ಬಸವಣ್ಣೆಪ್ಪ ಮಲ್ಲಾರಿಯ ಕಡೆ ನೋಡಿದ. ಮಲ್ಲಾರಿ ನೆಲ ನೋಡುತ್ತ, "ಈಕಿ ನನ್ನ ಬೆರಳಿಗೆ ಇಂಕ್ ಹಚ್ಚಿದ್ಲು," ಅಂದ. "ಆ ಹೊತ್ತಿಗೇ ದೇವರು ಎದ್ದು ಹೋದ."

ಸುತ್ತಲಿನ ಹೆಂಗಸರು ಲೊಚಗುಟ್ಟಿದರು. ಹೊರಗೆ ಬಿಸಿಲಲ್ಲಿ ಅವರ ಹಾಸಿಗೆ, ಪಾತ್ರೆ, ಒಂದು ಟ್ರಂಕು ಕಾಯುತ್ತಿದ್ದವು. ಇಚಲಕರಂಜಿಯಲ್ಲಿ ನಿಲ್ಲಲು ಅಂಗೈಯಗಲ ಜಾಗವಿರಲಿಲ್ಲ.

ಬಸವಣ್ಣೆಪ್ಪ ಚಿಟಿಕೆ ಅರಿಷಿಣ ಅವಳ ಅಂಗೈಗೆ ಹಾಕಿದ. "ತಪ್ಪು ನಂದು ಅನ್ನು."

ನಾಗೂಬಾಯಿ ಗಂಡನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ.

"ತಪ್ಪು ನಂದರಿ."

"ಗಟ್ಟ್ಯಾಗಿ ಅನ್ನ," ಅಂದ ಮಲ್ಲಾರಿ. "ಹಿಂದಿನವರಿಗೆ ಕೇಳಲಿಲ್ಲ."