ಮೊಂಟಾನಾದ ಹೆಂಗಸು ಬೇಡ ಅಂದದ್ದು

ಶಾಲೆ ಬಿಟ್ಟ ಮೇಲೆ ಶ್ರಾವ್ಯಾ ಎದುರು ಮನೆಯ ನಫೀಸತ್ ಬಳಿ ಇರುತ್ತಿದ್ದಳು. ತಾಯಿ ಸಂಯುಕ್ತಾ ಒಲಾಯಾ ಬಡಾವಣೆಯ ಆಫೀಸಿನಿಂದ ಬರುವುದು ಸಂಜೆಗೆ. ಅಂದು ಹುಡುಗಿಯ ಕಣ್ಣು ತುಂಬಿತ್ತು.

"ಎಂತ ಆಯ್ತು ಮಗಾ?"

ಶಾಲೆಯ ನಾಟಕದಲ್ಲಿ ಅವಳ ತರಗತಿಯವರೆಲ್ಲ ಅಮೆರಿಕದ ರಾಜಕಾರಣಿಗಳು. ಇವಳು ಮೊಂಟಾನಾ ರಾಜ್ಯದ ಜೆನೆಟ್ ರಾಂಕಿನ್. ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಹೆಂಗಸು. ಜಪಾನಿನ ಮೇಲೆ ಯುದ್ಧ ಸಾರಲು ಎಲ್ಲರೂ ಹೂಂ ಎಂದಾಗ ಆಕೆಯೊಬ್ಬಳೇ ಬೇಡವೆಂದವಳು. ಶ್ರಾವ್ಯಾಳಿಗಿದ್ದದ್ದು ಒಂದೇ ಮಾತು, "ನೋ". ಅದು ಗಂಟಲಿನಿಂದ ಹೊರಗೇ ಬರುತ್ತಿರಲಿಲ್ಲ. ದನಿ ಏರದಿದ್ದರೆ ಪಾತ್ರ ಬೇರೆಯವರಿಗೆ ಎಂದಿದ್ದರು ಟೀಚರ್.

ನಫೀಸತ್ ಗುಳಿಯಪ್ಪದ ತಟ್ಟೆ ತಂದಿಟ್ಟಳು. ಎರಡು ತಿಂದಾದ ಮೇಲೆ ಮತ್ತೊಂದು ಹಾಕಿದಳು.

"ಬೇಡ ಆಂಟಿ," ಎಂದು ಪಿಸುಗುಟ್ಟಿ ಹುಡುಗಿ ಅದನ್ನೂ ತಿಂದಳು. ನಫೀಸತ್ ಇನ್ನೊಂದು ಹಾಕಿದಳು.

"ನನ್ನ ಕೈ ನಿಲ್ಲುವ ಹಾಗೆ ಹೇಳು, ನೋಡುವ."

ಪತ್ರಿಕೆಯ ಹಿಂದಿನಿಂದ ಅವಳ ಗಂಡ ಅಬ್ದುಲ್ ರಹ್ಮಾನ್ ಇಣುಕಿದ. "ಆ ಕೈ ನಿಲ್ಲಿಸ್ಲಿಕ್ಕೆ ನನಗೇ ಆಗ್ಲಿಲ್ಲ ಮಾರಾಯ್ತಿ. ನನ್ನ ಹೊಟ್ಟೆ ನೋಡು!"

ಶ್ರಾವ್ಯಾ ನಕ್ಕಳು. ಮತ್ತೆರಡು ಬಿದ್ದವು. ಮುಂದಿನದು ತಟ್ಟೆಗೆ ಇಳಿಯುವ ಮೊದಲೇ ಎದ್ದು ನಿಂತು ಕಿರುಚಿದಳು: "ಬೇಡಾ!"

ನಫೀಸತ್‌ಳ ಕೈ ನಿಂತೇಬಿಟ್ಟಿತು. ಹುಡುಗಿ ಹೆದರಿ, "ಸಾರಿ ಆಂಟಿ," ಎಂದಳು.

"ಎಂತ ಸಾರಿ? ನಾಳೆಯೂ ಬಾ. ನಾಳೆ ಇನ್ನೂ ಜೋರು ಹಾಕ್ತೇನೆ."

ಹಾಗೆ ದಿನವೂ ತಿಂದು, ಕಿರುಚಿ ಶ್ರಾವ್ಯಾ ಪಾತ್ರವನ್ನು ಉಳಿಸಿಕೊಂಡಳು. ಆದರೂ ನಾಟಕದ ದಿನ ಆ ತುಂಬಿದ ಸಭಾಂಗಣವನ್ನು ಕಂಡು ನಫೀಸತ್‌ಗೇ ಅಳುಕಾಯಿತು.

ವೇದಿಕೆಯ ಮೇಲೆ ಒಬ್ಬೊಬ್ಬರದೇ ಹೆಸರು ಕೂಗಿದರು. "ಯೆಸ್", "ಯೆಸ್". ಮೊಂಟಾನಾದ ಸರದಿ ಬಂತು. ಶ್ರಾವ್ಯಾ ಎದ್ದಳು, ತುಟಿ ಅಲುಗಿತು, ದನಿಯಿಲ್ಲ. ಪಕ್ಕದಲ್ಲಿದ್ದ ಸಂಯುಕ್ತಾ ನಫೀಸತ್‌ಳ ಕೈ ಹಿಡಿದುಕೊಂಡಳು.

"ನೋ!"

ಕೊನೆಯ ಸಾಲಿನವರೂ ತಲೆಯೆತ್ತಿದರು.

ಈಗ ನಾಟಕದ ಪ್ರಕಾರ ಉಳಿದ ಮಕ್ಕಳೆಲ್ಲ ಅವಳಿಗೆ ಧಿಕ್ಕಾರ ಕೂಗಬೇಕಿತ್ತು. ಆದರೆ ಆ ಒಂದು ಮಾತಿಗಾಗಿ ಅವಳು ಒದ್ದಾಡಿದ್ದನ್ನು ಅವರೆಲ್ಲ ಕಂಡಿದ್ದರಲ್ಲ! ಮೊದಲು ಹನೀನ್ ಎಂಬ ಹುಡುಗಿ ಚಪ್ಪಾಳೆ ತಟ್ಟಿದಳು, ಆಮೇಲೆ ಯುದ್ಧ ಬೇಕೆಂದ ಅಷ್ಟೂ ಮಂದಿ.

"ಬೈಯಿರಿ! ಬೈಯಿರಿ!" ಪರದೆಯ ಮರೆಯಿಂದ ಟೀಚರ್ ಸನ್ನೆ ಮಾಡಿದರು. ಯಾರೂ ಕೇಳಲಿಲ್ಲ. ಕೊನೆಗೆ ಅವರೂ ಕೈಯಲ್ಲಿದ್ದ ಹಾಳೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆಗೆ ಸೇರಿದರು.