ಕೆಸರಿನ ಮೇಲಿನ ಲೋಳೆಮೀನು

ದಿಲ್‌ಸುಖ್‌ನಗರದ ಒಂದೇ ಕೋಣೆಯ ಮನೆಯಲ್ಲಿ ದಾನೇಶ್ವರಿ ಬೆಳಗಿನಿಂದ ಕಂಪ್ಯೂಟರ್ ಬಿಟ್ಟು ಎದ್ದಿರಲಿಲ್ಲ. ಆಳ ಕಡಲಿನ ತಳಕ್ಕೆ ಕ್ಯಾಮೆರಾ ಇಳಿಸಿ ತೆಗೆದ ವಿಡಿಯೊ ನೋಡಿ, ಅದರೊಳಗಿನ ಲೋಳೆಮೀನುಗಳಲ್ಲಿ, ಅಂದರೆ ಜೆಲ್ಲಿಫಿಶ್‌ಗಳಲ್ಲಿ, ಜೀವ ಇದ್ದದ್ದು ಯಾವುದು, ಸತ್ತದ್ದು ಯಾವುದು ಎಂದು ಗುರುತು ಹಾಕಬೇಕು. ಕೆಲಸ ಕಾಯಂ ಮಾಡುವ ಮುಂಚಿನ ಪರೀಕ್ಷೆ ಇದು. ಎರಡು ತಪ್ಪು ಆಗಲೇ ಆಗಿದ್ದವು. ಉಳಿದದ್ದು ಒಂದೇ ವಿಡಿಯೊ, ಅದೂ ತಪ್ಪಿದರೆ ಕೆಲಸ ಕೈಬಿಟ್ಟುಹೋದಂತೆಯೇ.

"ಇದು ಸತ್ತೈತಿ," ಎಂದು ಅವಳು ಗುಂಡಿ ಒತ್ತಲು ಹೋದಳು.

"ತಡಿಯವ್ವಾ, ಹೆಣ ಎತ್ತಾಕ ಏನವಸರ?" ಹಿಂದೆ ಕೂತಿದ್ದ ತಾಯಿ ಸುಗಲಮ್ಮ ಅಂದಳು.

"ಅಲುಗಾಡೂದಿಲ್ಲ ನೋಡು. ಬಾಜೂಕ ಏಡಿ ಬ್ಯಾರೆ ಬಂದೈತಿ. ಅಲ್ಲಿಗೆ ಬಿಸಿಲು ಮುಟ್ಟಂಗಿಲ್ಲ, ಏನೂ ಬೆಳಿಯಂಗಿಲ್ಲ. ಮ್ಯಾಲಿಂದ ಸತ್ತು ಬಿದ್ದದ್ದ ಎಲ್ಲಾರಿಗೂ ಊಟ."

"ಏಡಿ ತಿನ್ನಾಕತ್ತೈತೇನು?"

"ಇನ್ನೂ ಇಲ್ಲ."

"ಹಂಗಾರ ವಿಡಿಯೊ ಇನ್ನೊಮ್ಮೆ ಹಾಕು."

ಸುಗಲಮ್ಮ ಇಪ್ಪತ್ತು ವರ್ಷ ಈ ಊರಿನ ಕಟ್ಟಡಗಳಿಗೆ ಮರಳು ಜರಡಿ ಹಿಡಿದವಳು. ಲಾರಿ ಮರಳು ಬಂದರೆ, ಮಣ್ಣು ಎಷ್ಟು ಬೆರೆತಿದೆ ಎಂದು ತಿಳಿಯಲು ಮೊದಲು ಒಂದು ಹಿಡಿ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಇಡುವುದು ಅವಳ ಪಾಲಿನ ಕೆಲಸ. ಮರಳು ಕೆಳಗೆ ಕೂರುತ್ತದೆ, ಎಷ್ಟೋ ಹೊತ್ತಿನ ಮೇಲೆ ಮಣ್ಣು ಅದರ ಮೇಲೆ ತೆಳ್ಳಗೆ ಕೂರುತ್ತದೆ. ಮೇಸ್ತ್ರಿ ಎಷ್ಟು ಬೈದರೂ ಅಲ್ಲಿಯವರೆಗೆ ಕಾಯಬೇಕು. ಈಗಲೂ ಅವಳು ಲೋಳೆಮೀನು ನೋಡಲಿಲ್ಲ, ಅದರ ಸುತ್ತಲಿನ ಮಣ್ಣು ನೋಡುತ್ತ ಕೂತಳು.

"ಅಗಾ! ಅಂಚಿನಾಗ ಕೆಸರು ಎದ್ದಿತು ನೋಡು. ಕುಂತಿತು. ಮತ್ತ ಎದ್ದಿತು."

"ನೀರಿನ ಸೆಳೆತ ಇರಬೇಕು ಬಿಡಬೇ."

"ಸೆಳೆತ ಇದ್ರ ಎಲ್ಲಾ ಕಡೆ ಏಳ್ತಿತ್ತು. ಇದರ ಸುತ್ತ ಅಷ್ಟ ಏಳಾಕತ್ತೈತಿ. ಇದು ಮೆಲ್ಲಕ ಮೈ ಆಡಸಾಕತ್ತೈತಿ."

ದಾನೇಶ್ವರಿ ಚಿತ್ರ ದೊಡ್ಡದು ಮಾಡಿದಳು. ಕೆಸರಿಗೆ ಬಿದ್ದಂತೆ ಕಂಡಿದ್ದ ಲೋಳೆಮೀನಿನ ಗಾಜಿನಂಥ ಛತ್ರಿ ಗೇಣು ಮೇಲೆ ತೇಲುತ್ತಿತ್ತು. ದಾರದಂಥ ಬಾಹುಗಳು ತಳದ ಮೇಲೆ ಬಲೆ ಹಾಸಿದಂತೆ ಹರಡಿದ್ದವು. ಒಂದಕ್ಕೆ ನುಚ್ಚಿನಷ್ಟು ಸಿಗಡಿ ಅಂಟಿತ್ತು. ಬಾಹು ಅದನ್ನು ನಿಧಾನವಾಗಿ ಮೇಲೆ ಎಳೆಯುತ್ತಿತ್ತು.

"ಯವ್ವಾ, ಇದು ಊಟಕ್ಕ ಕುಂತೈತಿ!"

"ಮತ್ತ ನೀ ಮಣ್ಣು ಕೊಡಾಕ ಹೊಂಟಿದ್ದಿ."

'ಜೀವಂತ' ಎಂದು ಗುರುತು ಹಾಕಿ ಕಳಿಸಿದಳು. ಹತ್ತು ನಿಮಿಷಕ್ಕೆ ಉತ್ತರ ಬಂತು: ಸರಿಯಿದೆ, ಸೋಮವಾರದಿಂದ ಕೆಲಸ ಕಾಯಂ. ದಾನೇಶ್ವರಿ ತಾಯಿಯ ಕೊರಳಿಗೆ ಜೋತುಬಿದ್ದಳು.

"ಸರಿ, ಆತು, ಅಡ್ಡ ನಿಲ್ಲಬ್ಯಾಡ," ಅಂದಳು ಸುಗಲಮ್ಮ, ಮಗಳ ಬೆನ್ನು ಸವರುತ್ತ. "ಅದು ತುತ್ತು ಬಾಯಿಗೆ ಇಟ್ಗೊಳ್ಳೂ ತನಕ ನೋಡ್ತೀನಿ."