ನಲ್ಲಿ ಗೋಡೆಯ ಫೋಟೋ

“ನಗೇ ಮುಂಡೇದೆ! ಹೆಣ ಹೊರೋ ಮುಖ ಮಾಡ್ಕೊಂಡ್ ಕೂತ್ರೆ ಯಾವನ್ ನಂಬ್ತಾನೆ?”

ಆಸ್ಪತ್ರೆಯ ಸಾಹೇಬ ಕ್ಯಾಮೆರಾ ಹಿಂದಿನಿಂದ ಕಿರುಚಿದ. ಕಕ್ಕಸು ತೊಳೆಯುತ್ತಿದ್ದ ನನ್ನನ್ನು ಅರ್ಧಕ್ಕೇ ಎಬ್ಬಿಸಿ ತಂದು ಕುರ್ಚಿಯಲ್ಲಿ ಕೂರಿಸಿದ್ದರು. ಕೈಗೆ ಇನ್ನೂ ಫಿನಾಯಿಲ್ ವಾಸನೆ. ಊರೆಲ್ಲ ಹಬ್ಬಿದ ಜ್ವರಕ್ಕೆ ಲಸಿಕೆ ಬಂದಿದೆ, ಮೊದಲು ನಿನಗೇ ಎಂದಿದ್ದರು. ಸಿರಿಂಜಿನೊಳಗೆ ನೋಡಿದರೆ ಒಂದು ಹನಿಯೂ ಇಲ್ಲ.

“ಸಿಸ್ಟರ್, ಖಾಲಿ ಇದೆಯಲ್ಲಾ?”

“ಲಸಿಕೆ ಇನ್ನೂ ಲಾರೀಲಿದೆ. ಫೋಟೋ ಇವತ್ತೇ ಬೇಕಂತೆ. ಸುಮ್ನಿರಮ್ಮ,” ಎಂದಳು ನರ್ಸಮ್ಮ, ನನ್ನ ಮುಖ ನೋಡದೆ.

ಮರುದಿನ ನಮ್ಮ ಗಲ್ಲಿಯ ನಲ್ಲಿ ಗೋಡೆಯ ಮೇಲೆ ನಾನೇ, ಹಲ್ಲು ಕಿರಿದುಕೊಂಡು. ‘ನಾನು ಹಾಕಿಸಿಕೊಂಡೆ. ನೀವು?’ ಜ್ವರ ಶುರುವಾದಾಗ ಮೊದಲು ಬರೀ ನೆಗಡಿ ಅಂದರು, ಆಮೇಲೆ ರಾತ್ರೋರಾತ್ರಿ ಯಾರೂ ಹೊರಗೆ ಬರದಂತೆ ಗಲ್ಲಿಗೆ ತಗಡು ಬಡಿದರು. ಸರ್ಕಾರದ ಮಾತನ್ನು ನಮ್ಮಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ನನ್ನನ್ನು ನಂಬುತ್ತಿದ್ದರು. ಅದಕ್ಕೇ ಈ ಹಾಳು ಫೋಟೋ.

ಮಗ ಇದೇ ಜ್ವರಕ್ಕೆ ಹೋದ ಮೇಲೆ ಮನೆಯಲ್ಲಿ ನಾನು, ತುಂಬು ಬಸುರಿ ಸೊಸೆ, ಇಬ್ಬರೇ.

“ಅತ್ತೆ, ನೋವಾಯ್ತಾ? ನಿಮಗೇನೂ ಆಗ್ಲಿಲ್ಲ ಅಂದ್ರೆ ನಾನೂ ಹಾಕಿಸ್ಕೋತೀನಿ.”

“ಇರುವೆ ಕಚ್ಚಿದಷ್ಟು,” ಎಂದೆ.

ಆ ವಾರವೇ ನನ್ನನ್ನು ಜ್ವರದ ವಾರ್ಡಿನ ಕೆಲಸಕ್ಕೆ ಹಾಕಿದರು. ಮೈ ಮುಚ್ಚುವ ಕೋಟು ಕೇಳಿದ್ದಕ್ಕೆ ಸಾಹೇಬ ನಕ್ಕ.

“ನಿಂಗ್ಯಾಕೆ? ಲಸಿಕೆ ಹಾಕಿಸ್ಕೊಂಡೋಳಲ್ವಾ ನೀನು?”

“ಖಾಲಿ ಸೂಜಿ ಅಂತ ನಿಮಗೇ ಗೊತ್ತಲ್ಲಾ ಸಾಹೇಬ್ರೇ!”

“ಬಾಯ್ಬಿಟ್ರೆ ಕೆಲ್ಸ ಹೋಗುತ್ತೆ. ಹುಷಾರ್.”

ಉಸಿರಿಗೆ ಒದ್ದಾಡುವವರ ಮಂಚದ ಕೆಳಗೆ ಬಗ್ಗಿ ಒರೆಸುವಾಗ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಮನೆಗೆ ಹೋದರೆ ಹೊಸ್ತಿಲಾಚೆಯೇ ಊಟ, ಅಲ್ಲೇ ನಿದ್ದೆ. ಯಾಕೆ ಒಳಗೆ ಬರಲ್ಲ ಎಂದು ಸೊಸೆ ಕೇಳಿ ಕೇಳಿ ಅತ್ತಳು.

ಕೊನೆಗೂ ಲಸಿಕೆ ಬಂತು. ಫೋಟೋ ನೋಡಿದ್ದ ಇಡೀ ಗಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಸಾಲು ನಿಂತಿತು. ನಡುವೆ ಸೊಸೆ, ಸೊಂಟಕ್ಕೆ ಕೈಕೊಟ್ಟು. ನಾನು ಪೊರಕೆ ಬಿಸಾಕಿ ಸೀದಾ ಹೋಗಿ ಕುರ್ಚಿಯಲ್ಲಿ ಕೂತೆ.

“ಏಯ್, ಏಳೇ! ನಿಂದಾಗಿದೆ!” ಸಾಹೇಬ ಹಲ್ಲು ಕಡಿದ.

ನಿಜ ಹೇಳಿದರೆ ಸೊಸೆ ಲಸಿಕೆ ಹಾಕಿಸಿಕೊಳ್ಳುವುದಿಲ್ಲ. ಹೇಳದಿದ್ದರೆ ಒಂದಲ್ಲ ಒಂದು ದಿನ ನಾನೇ ಜ್ವರ ಹೊತ್ತು ಅವಳ ಹತ್ತಿರ ಹೋಗುತ್ತೇನೆ.

“ಆಗಿಲ್ಲ ಕಣೋ ಬೋಳಿಮಗನೆ! ಅವತ್ತು ತೋಳಿಗೆ ಬರೀ ಹಿಡಿಸಿದ್ದು ಖಾಲಿ ಸೂಜಿ! ನಿನ್ನ ಫೋಟೋಗೆ!”

ಸಾಲು ಒಡೆಯಿತು. “ಇವಳೂ ಸುಳ್ಳುಬುರುಕಿ!” ಎಂದು ಯಾರೋ ನನ್ನತ್ತ ಉಗಿದರು. ಜನ ಗೇಟಿಗೆ ನುಗ್ಗಿದರು.

“ಇರುವೆ ಕಚ್ಚಿದಷ್ಟು ಅಂದ್ರಲ್ಲಾ ಅತ್ತೆ,” ಎಂದಳು ಸೊಸೆ. ಅಷ್ಟೇ ಅಂದು ತಿರುಗಿ ಹೊರಟಳು.

“ಇದು ಖಾಲಿ ಅಲ್ಲ ಕಣೇ! ನೋಡು!” ನರ್ಸಮ್ಮನ ಕೈ ಹಿಡಿದು ಸಿರಿಂಜನ್ನು ಬೆಳಕಿಗೆ ಎತ್ತಿಸಿದೆ. “ಎಲ್ರೂ ನೋಡಿ! ತುಂಬಿದೆ! ಚುಚ್ಚಿ ಸಿಸ್ಟರ್, ಇವರ ಕಣ್ಣೆದುರೇ ಚುಚ್ಚಿ!”

ಸಾಹೇಬ ಹಿಂದಿನಿಂದ ಹೆಗಲು ಹಿಡಿದು ಎಳೆಯುತ್ತಿದ್ದ. ನಾನು ಕುರ್ಚಿ ಬಿಡಲಿಲ್ಲ. ನರ್ಸಮ್ಮ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು. ಸೂಜಿ ಒಳಗಿಳಿಯಿತು. ಈ ಸಲ ನೋವಾಯಿತು.

ಗೇಟಿನ ಹತ್ತಿರ ಸೊಸೆ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.